ಕ್ಯಾಟ್ ತೆಗಸಿದ್ರ ಪಿಕಪ್ ಬರ್ತದೇನು?

ಅಣ್ಣಿಗೇರಿ, ನವಲಗುಂದ ಕಡೆ ಬೈಕ್ ಇರೋ ಗೆಳೆಯರದು ಒಂದೇ ಮಾತು: ಸೈಲೆನ್ಸರ್ ಒಳಗಿನ ಕ್ಯಾಟ್ ತೆಗಸಿದ್ರ ಪಿಕಪ್ ಬರ್ತದ. ಹಳೇ ಕಾರ್ಬುರೇಟರ್ ಗಾಡಿಯಲ್ಲಿ ಜೆಟ್ ಬದಲಿಸಿ ಹೊಂದಿಸಬಹುದಿತ್ತು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳ ಕಥೆ ಬೇರೆ.

ಕ್ಯಾಟಲಿಟಿಕ್ ಕನ್ವರ್ಟರ್ ಅಂದ್ರ ಜೇನುಗೂಡಿನಂಥ ತೂತುಗಳ ತುಂಡು, ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ವಿಷದ ಕಾರ್ಬನ್ ಮಾನಾಕ್ಸೈಡ್ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಆಗ್ತದ. ಈ ಕೆಲಸ ಸರಿಯಾಗಿ ನಡೀಬೇಕಂದ್ರ 1 ಗ್ರಾಂ ಶುದ್ಧ ಪೆಟ್ರೋಲ್‌ಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಹೊಗೆಯಲ್ಲಿನ ಆಕ್ಸಿಜನ್ ಅಳೆಯೋ ಸೆನ್ಸರ್ ಮಾತು ಕೇಳಿ ಇಸಿಯು ಪೆಟ್ರೋಲ್ ಹೆಚ್ಚು-ಕಮ್ಮಿ ಮಾಡ್ತಾನೇ ಇರ್ತದ.

ಈ ಸೆನ್ಸರ್ ಸಾಮಾನ್ಯವಾಗಿ ಕ್ಯಾಟ್‌ಗಿಂತ ಮೊದಲೇ ಇರ್ತದ. ಹಂಗಾಗಿ ಕ್ಯಾಟ್ ಕಿತ್ತರೂ ಆರಾಮ ಓಡಿಸುವಾಗ ಇಸಿಯು ಅದೇ ಅನುಪಾತಕ್ಕೇ ತರ್ತದ. ಪಿಕಪ್ ಎಲ್ಲಿಂದ ಬರಬೇಕು? ಎಕ್ಸಲೇಟರ್ ಪೂರ್ತಿ ತಿರುವಿದಾಗ ಮಾತ್ರ ಅದು ಸೆನ್ಸರ್ ಬಿಟ್ಟು ಕಂಪನಿ ಬರೆದಿಟ್ಟ ಮ್ಯಾಪ್ ನಂಬ್ತದ. ಆ ಮ್ಯಾಪ್ ಹಳೇ ಸೈಲೆನ್ಸರ್‌ದು. ಈಗ ಗಾಳಿ ಹೆಚ್ಚು ಒಳಬಂದ್ರ ಪೆಟ್ರೋಲ್ ಸಾಲದೆ ಎಂಜಿನ್ ಕಾಯ್ತದ. ಅದನ್ನೇ ಲೀನ್ ಅನ್ನೋದು. ಇನ್ನೂ ಮಜಾ ಅಂದ್ರ, ಪೈಪ್ ಬಿಚ್ಚಿ ಕೂಡಿಸುವಾಗ ಎಂಜಿನ್ ಹತ್ರದ ಜಾಯಿಂಟ್ ಸಡಿಲಾದ್ರ ಹೊರಗಿನ ಗಾಳಿ ನುಗ್ಗಿ ಸೆನ್ಸರ್ ಮೋಸ ಹೋಗ್ತದ. ಇಸಿಯು ಪೆಟ್ರೋಲ್ ಕಮ್ಮಿ ಆತು ಅಂತ ಇನ್ನಷ್ಟು ಸುರೀತದ. ಮೈಲೇಜ್ ಖಲಾಸ್!

ಡೈನೊ ಮೇಲೆ ಹೊಸ ಮ್ಯಾಪ್ ಬರೆಸಿದ್ರ ಸ್ವಲ್ಪ ಪವರ್ ಬರಬಹುದು, ಸುಳ್ಳಲ್ಲ. ಆದ್ರ ವಿಷದ ಹೊಗೆ ನೇರ ಹಿಂದಿನವರ ಮುಖಕ್ಕೆ. ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ 10,000 ರೂಪಾಯಿ ತನಕ ದಂಡ, 3 ತಿಂಗಳ ತನಕ ಜೈಲು, ಇಲ್ಲಾಂದ್ರ ಎರಡೂ.

ಪಿಕಪ್ ಬೇಕಂದ್ರ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡ್ರಿ. ನಮ್ಮ ಎರಿ ಹೊಲದ ಧೂಳು ಅದರೊಳಗ ಎಷ್ಟು ಕೂತದ ಅಂತ!