ಶಿಕ್ಷೆ ಮತ್ತು ಶಿಕ್ಷಣ: ಸೆರೆಮನೆಗಳಲ್ಲಿ ನಾಯಿಗಳನ್ನು ಪಳಗಿಸುವ ಪದ್ಧತಿ

ಶಿಕ್ಷೆ, ಶಿಕ್ಷಣ ಎಂಬ ಎರಡು ಶಬ್ದಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಸಂಸ್ಕೃತದ ‘ಶಿಕ್ಷ್’ ಎಂಬುದಕ್ಕೆ ಕಲಿಯುವುದೆಂದು ಅರ್ಥ. ಅದು ‘ಶಕ್’ ಧಾತುವಿನ ಇಚ್ಛಾರ್ಥಕ ರೂಪವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಎಂದರೆ, ಶಕ್ತನಾಗಬೇಕೆಂದು ಬಯಸುವುದೇ ಕಲಿಯುವುದು. ವೇದಾಂಗಗಳಲ್ಲಿ ಒಂದಾದ ಶಿಕ್ಷಾಶಾಸ್ತ್ರವು ಉಚ್ಚಾರಣೆಯ ಪಾಠವೇ ಹೊರತು ದಂಡನೆಯ ಶಾಸ್ತ್ರವಲ್ಲ. ಕನ್ನಡದ ಬಳಕೆಯಲ್ಲಾದರೋ ಶಿಕ್ಷೆಯೆಂಬುದು ದಂಡನೆಯ ಪಾಲಾಗಿ, ಕಲಿಸುವ ಅರ್ಥಕ್ಕೆ ಶಿಕ್ಷಣವೆಂಬ ಮಾತು ಉಳಿದುಕೊಂಡಿತು. ಸೆರೆಮನೆಯೆಂಬ ಸಂಸ್ಥೆಯು ಕಳೆದ ಎರಡು ಶತಮಾನಗಳಿಂದ ಈ ಎರಡು ಅರ್ಥಗಳ ನಡುವೆ ತೂಗಾಡುತ್ತ ಬಂದಿದೆ. ಅಪರಾಧಿಯನ್ನು ದಂಡಿಸುವುದಕ್ಕಾಗಿ ಕೂಡಿಹಾಕುವುದೋ, ತಿದ್ದುವುದಕ್ಕಾಗಿ ಕೂಡಿಹಾಕುವುದೋ ಎಂಬ ಪ್ರಶ್ನೆಗೆ ಯಾವ ದೇಶದ ಸರ್ಕಾರವೂ ಒಂದೇ ಉತ್ತರವನ್ನು ಬಹುಕಾಲ ಹಿಡಿದು ನಿಂತಂತೆ ಕಾಣುವುದಿಲ್ಲ. ಇಂತಹ ಆವರಣದೊಳಕ್ಕೆ ನಾಯಿಯೊಂದನ್ನು ಬಿಟ್ಟರೆ ಆಗುವುದೇನು ಎಂಬುದು ಪ್ರಕೃತ ವಿಷಯ.

ಆಶ್ರಯಶಾಲೆಗಳಲ್ಲಿ ದಿಕ್ಕಿಲ್ಲದೆ ಬಿದ್ದಿರತಕ್ಕ ನಾಯಿಗಳನ್ನು ಸೆರೆಮನೆಗೆ ತಂದು, ಕೈದಿಗಳ ಕೈಯಿಂದ ಅವುಗಳಿಗೆ ಪಾಠ ಹೇಳಿಸಿ, ಬಳಿಕ ಗೃಹಸ್ಥರಿಗೆ ದತ್ತು ಕೊಡುವ ಪದ್ಧತಿಯೊಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1980ರ ದಶಕದಿಂದ ಬೆಳೆದುಬಂದಿದೆ. ಬಂಧನದಲ್ಲಿರುವವರ ಬಳಿ ಪ್ರಾಣಿಗಳನ್ನು ಇರಿಸುವ ಯೋಚನೆ ಮಾತ್ರ ಇದಕ್ಕಿಂತ ಬಹಳ ಹಳೆಯದು. ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಕ್ವೇಕರ್ ಪಂಥದವರು 1796ರಲ್ಲಿ ತೆರೆದ ‘ರಿಟ್ರೀಟ್’ ಎಂಬ ಮನೋರೋಗಿಗಳ ಆಲಯದ ಅಂಗಳಗಳಲ್ಲಿ ಮೊಲಗಳೂ ಕೋಳಿಗಳೂ ಕಡಲಹಕ್ಕಿಗಳೂ ಗಿಡುಗಗಳೂ ಇದ್ದುವೆಂದು ಸ್ಯಾಮ್ಯುಯೆಲ್ ಟ್ಯೂಕ್ 1813ರಲ್ಲಿ ಪ್ರಕಟವಾದ ತನ್ನ ವರ್ಣನೆಯಲ್ಲಿ ಬರೆದಿದ್ದಾನೆ. ಸರಪಳಿಯ ಚಿಕಿತ್ಸೆಯೇ ರೂಢಿಯಾಗಿದ್ದ ಕಾಲದಲ್ಲಿ ಅದು ಸಾಮಾನ್ಯ ಸಂಗತಿಯಲ್ಲ. ಫಿಲಡೆಲ್ಫಿಯಾ ನಗರದ ಈಸ್ಟರ್ನ್ ಸ್ಟೇಟ್ ಸೆರೆಮನೆಗೆ 1924ರಲ್ಲಿ ಪೆಪ್ ಎಂಬ ಕರಿಯ ನಾಯಿಯೊಂದು ಬಂದಿತು. ಅದಕ್ಕೆ ಕೈದಿಗಳಂತೆಯೇ ಸಿ-2559 ಎಂಬ ಸಂಖ್ಯೆ ಕೊಟ್ಟು, ಆ ಸಂಖ್ಯೆಯ ಫಲಕವನ್ನು ಕೊರಳಿಗೆ ಕಟ್ಟಿ ಭಾವಚಿತ್ರ ತೆಗೆದರು. ರಾಜ್ಯಪಾಲ ಪಿಂಚೋನ ಹೆಂಡತಿಯ ಬೆಕ್ಕನ್ನು ಕೊಂದುದಕ್ಕಾಗಿ ಅದಕ್ಕೆ ಆಜೀವ ಸೆರೆ ವಿಧಿಸಲಾಯಿತೆಂದು ಪತ್ರಿಕೆಗಳು ಕಥೆ ಕಟ್ಟಿದವು. ನಿಜಸಂಗತಿಯೇನೆಂದರೆ, ಕೈದಿಗಳಿಗೆ ಸ್ವಲ್ಪ ಉಲ್ಲಾಸವಾಗಲೆಂದು ರಾಜ್ಯಪಾಲನೇ ಅದನ್ನು ಕಳುಹಿಸಿಕೊಟ್ಟಿದ್ದನು. ಇಂದಿಗೂ ಆ ಭಾವಚಿತ್ರವನ್ನು ಕಂಡವರು ಸುಳ್ಳು ಕಥೆಯನ್ನೇ ಹೆಚ್ಚಾಗಿ ನೆನೆಯುತ್ತಾರೆ.

ಈ ಪ್ರಾಣಿಗಳೆಲ್ಲ ಒಡನಾಡಿಗಳು ಮಾತ್ರ. ಇವುಗಳಿಗೆ ಯಾರೂ ಏನನ್ನೂ ಕಲಿಸಬೇಕಾಗಿರಲಿಲ್ಲ. ಕೈದಿಯೇ ಉಪಾಧ್ಯಾಯನಾಗುವ ಹೊಸ ಪದ್ಧತಿಯು ಪಶ್ಚಿಮ ಕರಾವಳಿಯ ವಾಷಿಂಗ್ಟನ್ ರಾಜ್ಯದಲ್ಲಿ, ಗಿಗ್ ಹಾರ್ಬರ್ ಊರಿನ ಬಳಿ ಪರ್ಡಿ ಎಂಬಲ್ಲಿರುವ ಹೆಂಗಸರ ಸೆರೆಮನೆಯಲ್ಲಿ 1981ರಲ್ಲಿ ಮೊದಲಾಯಿತು. ಇದಕ್ಕೆ ಕಾರಣಳಾದವಳು ಕ್ಯಾಥ್ಲೀನ್ ಕ್ವಿನ್ ಎಂಬ ಮಹಿಳೆ; ಮುಂದೆ ಡೊಮಿನಿಕನ್ ಸನ್ಯಾಸಿನಿಯಾಗಿ ಸಿಸ್ಟರ್ ಪಾಲೀನ್ ಎಂಬ ಹೆಸರಿನಿಂದ ಪ್ರಸಿದ್ಧಳಾದಳು. ಬಾಲ್ಯದಲ್ಲಿ ಮನೆಬಿಟ್ಟು ಹೋಗಿ, ಒಂದಾದಮೇಲೊಂದರಂತೆ ಹಲವು ಸರ್ಕಾರಿ ಆಲಯಗಳಲ್ಲಿ ಬಂಧಿತಳಾಗಿದ್ದ ಆಕೆಗೆ ಜನರೆದುರು ತಲೆಯೆತ್ತಿ ನಡೆಯುವ ಧೈರ್ಯವನ್ನು ಕೊಟ್ಟುದು ಜೋನಿ ಎಂಬ ಜರ್ಮನ್ ಷೆಪರ್ಡ್ ನಾಯಿ. ತನಗಾದ ಈ ಪ್ರಯೋಜನವು ಇತರ ಬಂದಿನಿಯರಿಗೂ ಆಗಬಾರದೇಕೆ ಎಂಬುದು ಆಕೆಯ ಸರಳವಾದ ತರ್ಕ. ವಾಷಿಂಗ್ಟನ್ ರಾಜ್ಯ ವಿಶ್ವವಿದ್ಯಾನಿಲಯದ ಪಶುವೈದ್ಯ ವಿಭಾಗದ ಮುಖ್ಯಸ್ಥನಾಗಿದ್ದ ಲಿಯೋ ಬುಸ್ಟಡ್ ಎಂಬ ವಿದ್ವಾಂಸನು ಬೆಂಬಲಕ್ಕೆ ನಿಂತನು. ಆಶ್ರಯಶಾಲೆಗಳಿಂದ ತಂದ ನಾಯಿಗಳನ್ನು ಅಲ್ಲಿ ಅಂಗವಿಕಲರ ಸಹಾಯಕ್ಕೆಂದು ಪಳಗಿಸುವರು. ಆ ಕಠಿನ ಕಾರ್ಯಕ್ಕೆ ಒದಗದಿದ್ದರೂ ನಡತೆ ಕಲಿತ ನಾಯಿಗಳನ್ನು ಸಾಮಾನ್ಯ ಗೃಹಸ್ಥರಿಗೆ ದತ್ತು ಕೊಡುವರು. ಇವಕ್ಕೆ ‘ಪೆರೋಲ್ ಪಡೆದ ಸಾಕುಪ್ರಾಣಿಗಳು’ ಎಂದು ಹೆಸರು. ಈ ಹೆಸರಿನ ವಿನೋದವು ಪೆಪ್‌ನ ಕಥೆಯ ವಿನೋದಕ್ಕಿಂತ ಆಳವಾದುದು. ಬಿಡುಗಡೆಯ ದಿನವನ್ನು ಎಣಿಸುತ್ತಿರುವವರ ಬಾಯಲ್ಲಿ ಅದು ಕೇವಲ ಹಾಸ್ಯವಾಗಿರಲಾರದು.

ಓರೆಗಾನ್ ರಾಜ್ಯದ ವುಡ್‌ಬರ್ನ್‌ನಲ್ಲಿರುವ ಮ್ಯಾಕ್ಲಾರೆನ್ ಬಾಲಾಪರಾಧಿಗಳ ಆಲಯದಲ್ಲಿ 1993ರಲ್ಲಿ ಇಂತಹುದೇ ಕಾರ್ಯ ಆರಂಭವಾಯಿತು. ಆಮೇಲೆ ಇದು ಬಹುಮಟ್ಟಿಗೆ ದೇಶದ ಎಲ್ಲ ಕಡೆಗೂ ಹರಡಿತು. ನ್ಯೂಯಾರ್ಕ್ ರಾಜ್ಯದ ಬೆಡ್‌ಫರ್ಡ್ ಹಿಲ್ಸ್‌ನಲ್ಲಿ 1997ರಿಂದಲೂ ಜಪಾನಿನ ಷಿಮಾನೆ ಅಸಾಹಿಯಲ್ಲಿ 2009ರಿಂದಲೂ ಕೈದಿಗಳು ನಾಯಿಗಳನ್ನು ಬೆಳೆಸಿದ್ದಾರಾದರೂ ಅವು ಕುರುಡರ ದಾರಿತೋರುಗ ಮೊದಲಾದ ಸೇವೆಗಳಿಗೆಂದು ತಂದ ಎಳೆಯ ಮರಿಗಳು. ಯಾರಿಗೂ ಬೇಡವಾದ ನಾಯಿಯನ್ನು ಬೇಕಾದ ನಾಯಿಯನ್ನಾಗಿ ಮಾಡುವ ಕೆಲಸವು ಬೇರೆ.

ಆಶ್ರಯಶಾಲೆಯ ನಾಯಿಯ ದುಃಸ್ಥಿತಿಗೆ ಕಾರಣವಾವುದು? ಮನೆಯೊಳಗೆ ಹೇಸಿಗೆ ಮಾಡುವುದು, ಬಂದವರ ಮೈಮೇಲೆ ಹಾರುವುದು, ಹಗ್ಗವನ್ನು ಜಗ್ಗುವುದು, ಒಂಟಿಯಾಗಿ ಬಿಟ್ಟರೆ ಬಾಗಿಲನ್ನು ಕೆರೆದು ಊಳಿಡುವುದು, ಅನ್ನದ ತಟ್ಟೆಯ ಬಳಿಗೆ ಯಾರಾದರೂ ಬಂದರೆ ಗುರುಗುಟ್ಟುವುದು: ಇವುಗಳಲ್ಲಿ ಒಂದಿದ್ದರೂ ಸಾಕು, ದತ್ತು ಕೊಂಡವರು ಒಂದು ವಾರದೊಳಗಾಗಿ ಹಿಂದಕ್ಕೆ ತಂದುಬಿಡುವರು. ಇವು ಯಾವುವೂ ತಿದ್ದಲಾಗದ ದೋಷಗಳಲ್ಲ. ತಿದ್ದುವುದಕ್ಕೆ ಬೇಕಾದುದು ವಿದ್ವತ್ತಲ್ಲ, ಹಣವೂ ಅಷ್ಟಾಗಿ ಅಲ್ಲ. ದಿನಕ್ಕೆ ಹತ್ತಾರು ಬಾರಿ, ವಾರಗಳ ಕಾಲ, ಒಬ್ಬನೇ ಮನುಷ್ಯನ ಬೇಸರವಿಲ್ಲದ ಗಮನ. ಆಶ್ರಯಶಾಲೆಯ ಕೆಲಸಗಾರನೊಬ್ಬನ ಮೇಲ್ವಿಚಾರಣೆಯಲ್ಲಿ ಹಲವಾರು ನಾಯಿಗಳಿರುವುದರಿಂದ, ಗೂಡು ತೊಳೆದು ಅನ್ನ ಹಾಕುವಷ್ಟರಲ್ಲಿ ಅವನ ದಿನ ಮುಗಿಯುವುದು. ಅಲ್ಲಿ ಇಲ್ಲದ ವಸ್ತುವೆಂದರೆ ಕಾಲ. ಸೆರೆಮನೆಯಲ್ಲಿ ಮಿತಿಮೀರಿ ಇರುವ ವಸ್ತುವೂ ಅದೊಂದೇ. ನ್ಯಾಯಾಲಯವು ಅಳೆದು ವಿಧಿಸುವುದೂ ಕಾಲವನ್ನೇ ಅಲ್ಲವೆ! ಅಮೆರಿಕದ ಸೆರೆಮನೆಗಳಲ್ಲಿ 1980ರಲ್ಲಿ ಸುಮಾರು 5 ಲಕ್ಷ ಜನರಿದ್ದರು. 2008ರ ವೇಳೆಗೆ ಅವರ ಸಂಖ್ಯೆ 23 ಲಕ್ಷವನ್ನು ಮುಟ್ಟಿತು. ಈ ಪದ್ಧತಿ ಅದೇ ಅವಧಿಯಲ್ಲಿ ಹಬ್ಬಿತೆಂಬುದನ್ನು ಮರೆಯಬಾರದು.

ಕ್ರಮವು ಸ್ಥೂಲವಾಗಿ ಹೀಗಿದೆ. ಆಶ್ರಯಶಾಲೆಯವರು ರೋಗವಿಲ್ಲದ, ಕಚ್ಚಿದ ಚರಿತ್ರೆಯಿಲ್ಲದ ನಾಯಿಗಳನ್ನು ಆರಿಸಿ, ಲಸಿಕೆ ಹಾಕಿಸಿ, ಸಂತಾನಹರಣ ಚಿಕಿತ್ಸೆ ಮಾಡಿಸಿ ಕಳುಹಿಸುವರು. ಸೆರೆಮನೆಯವರು ಅರ್ಜಿ ಹಾಕಿದ ಕೈದಿಗಳಲ್ಲಿ ಬಹುಕಾಲದಿಂದ ನಿಯಮಭಂಗ ಮಾಡದವರನ್ನು ಆರಿಸುವರು. ಪ್ರಾಣಿಹಿಂಸೆಯ ಅಪರಾಧವುಳ್ಳವರಿಗೆ ಅವಕಾಶವಿಲ್ಲ. ಸಾಮಾನ್ಯವಾಗಿ ಒಂದು ನಾಯಿಗೆ ಇಬ್ಬರು; ಒಬ್ಬನು ಮುಖ್ಯ ಪಾಲಕ, ಇನ್ನೊಬ್ಬನು ಸಹಾಯಕ. ನಾಯಿಯು ಅವರ ಕೋಣೆಯಲ್ಲಿಯೇ ಸಣ್ಣ ಗೂಡಿನೊಳಗೆ ಮಲಗುವುದು. ವಾರಕ್ಕೊಮ್ಮೆ ಹೊರಗಿನಿಂದ ನುರಿತ ಶಿಕ್ಷಕರೊಬ್ಬರು ಬಂದು ಪಾಠ ಹೇಳಿಹೋಗುವರು. ಎಂಟು ಹತ್ತು ವಾರಗಳಲ್ಲಿ ಒಂದು ತಂಡ ಮುಗಿಯುವುದು.

ಕಲಿಸುವ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಉಪಾಧ್ಯಾಯರಿಗೆ ಅನುಚಿತವಾಗದು. ನಾಯಿಗಳನ್ನು ಪಳಗಿಸುವ ಹಳೆಯ ಮಾರ್ಗಕ್ಕೆ 1910ರಲ್ಲಿ ಹೊರಬಂದ ಜರ್ಮನಿಯ ಕೊನ್ರಾಡ್ ಮೋಸ್ಟನ ಕೈಪಿಡಿ ಒಂದು ಆಧಾರ. ತಪ್ಪಿದಾಗ ಕೊರಳಪಟ್ಟಿಯನ್ನು ಜಗ್ಗಿ ನೋಯಿಸುವುದಕ್ಕೆ ಅದರಲ್ಲಿ ದೊಡ್ಡ ಸ್ಥಾನವಿತ್ತು. ಬಿ. ಎಫ್. ಸ್ಕಿನ್ನರ್ ಎಂಬ ಮನಶ್ಶಾಸ್ತ್ರಜ್ಞನು 1951ರಲ್ಲಿ ಬರೆದ ಲೇಖನವೊಂದರಲ್ಲಿ ಬೇರೆ ದಾರಿಯನ್ನು ತೋರಿಸಿದನು. ಡಾಲ್ಫಿನ್‌ಗಳನ್ನು ಪಳಗಿಸುತ್ತಿದ್ದ ಕ್ಯಾರೆನ್ ಪ್ರಯರ್ ಎಂಬಾಕೆಯ 1984ರ ಗ್ರಂಥವು ಅದನ್ನು ಜನಸಾಮಾನ್ಯರಿಗೆ ಮುಟ್ಟಿಸಿತು. ಚಿಟಿಕೆ ಹೊಡೆದಂತೆ ‘ಟಿಕ್’ ಎಂದು ಸದ್ದು ಮಾಡುವ ಒಂದು ಸಣ್ಣ ಸಾಧನ, ತುಂಡು ತುಂಡು ತಿಂಡಿ: ಇಷ್ಟೇ ಇದರ ಸಲಕರಣೆ. ಮೊದಲು ಸದ್ದು ಮಾಡಿದೊಡನೆ ತಿಂಡಿ ಕೊಟ್ಟು, ಸದ್ದಾದರೆ ತಿಂಡಿ ಬರುವುದೆಂಬ ನಂಬಿಕೆಯನ್ನು ಹುಟ್ಟಿಸಬೇಕು. ಬಳಿಕ ನಾಯಿಯು ಬೇಕಾದುದನ್ನು ಮಾಡಿದ ಕ್ಷಣದಲ್ಲಿಯೇ ಸದ್ದು ಮಾಡಬೇಕು. ಕುಳಿತುಕೊಳ್ಳುವುದನ್ನು ಕಲಿಸುವಾಗ ಅದರ ಹಿಂಭಾಗವು ನೆಲಕ್ಕೆ ತಾಗಿದ ಕ್ಷಣದ ಸದ್ದಿಗೆ ಬೆಲೆಯುಂಟು; ಎರಡು ಕ್ಷಣ ತಡವಾದರೆ, ಕುಳಿತುದಕ್ಕಲ್ಲ, ಮತ್ತೆ ಎದ್ದುದಕ್ಕೆ ಬಹುಮಾನ ಸಿಕ್ಕಂತಾಗಿ ನಾಯಿಯು ಏಳುವುದನ್ನು ಕಲಿಯುವುದು. ಮೈಮೇಲೆ ಹಾರುವ ನಾಯಿಯನ್ನು ಬೈದು ತಳ್ಳಿದರೆ, ತಳ್ಳುವುದನ್ನೇ ಅದು ಆಟವೆಂದು ತಿಳಿಯುವುದು. ಆದಕಾರಣ ಹಾರಿದಾಗ ಬೆನ್ನು ತಿರುಗಿಸಿ ಮರದಂತೆ ನಿಲ್ಲಬೇಕು. ನಾಲ್ಕು ಕಾಲೂ ನೆಲದಲ್ಲಿದ್ದಾಗ ಮಾತ್ರ ತಿರುಗಿ ನೋಡಬೇಕು. ಹೇಳುವುದಕ್ಕೆ ಸುಲಭ. ಸಿಟ್ಟನ್ನು ನುಂಗುವುದು, ನಾಯಿಯ ತಪ್ಪಿನಲ್ಲಿ ತನ್ನ ಕೈಯ ತಪ್ಪನ್ನು ಹುಡುಕುವುದು, ನಿನ್ನೆ ಬಂದ ಪಾಠ ಇಂದು ಬಾರದಿದ್ದರೆ ಮತ್ತೆ ಮೊದಲಿನಿಂದ ಹಿಡಿಯುವುದು, ಇವು ಸುಲಭವಲ್ಲ. ಸಿಟ್ಟಿನಿಂದಲೇ ಸೆರೆಮನೆ ಸೇರಿದವನಿಗೆ ಇದು ಎಂತಹ ಪಾಠವೆಂಬುದನ್ನು ವಿವರಿಸಬೇಕಾಗಿಲ್ಲ. ದಂಡದ ಬಲದಿಂದ ನಿಂತಿರುವ ಕಟ್ಟಡದೊಳಗೆ ದಂಡವಿಲ್ಲದ ಶಿಕ್ಷಣವೊಂದು ನಡೆಯುವುದು ಈ ಪದ್ಧತಿಯ ವೈಚಿತ್ರ್ಯ.

ಸೆರೆಮನೆಯಲ್ಲಿ ಕಲಿಸಲಾಗದುದೂ ಉಂಟು. ಕಬ್ಬಿಣದ ಬಾಗಿಲುಗಳ ಅಬ್ಬರಕ್ಕೂ ನೂರಾರು ಜನರ ಗದ್ದಲಕ್ಕೂ ನಾಯಿಯು ಬೇಗನೆ ಒಗ್ಗಿಕೊಳ್ಳುವುದು. ಆದರೆ ಅಲ್ಲಿ ಮಕ್ಕಳಿಲ್ಲ, ಬೆಕ್ಕಿಲ್ಲ, ಅಡಿಗೆಮನೆಯಿಲ್ಲ, ಕರೆಗಂಟೆಯಿಲ್ಲ, ರಸ್ತೆಯ ಮೇಲೆ ಹರಿಯುವ ಮೋಟಾರುಗಳಿಲ್ಲ. ಕೆಲವು ಸಂಸ್ಥೆಗಳು ವಾರದ ಕೊನೆಯಲ್ಲಿ ನಾಯಿಗಳನ್ನು ಸ್ವಯಂಸೇವಕರ ಮನೆಗಳಿಗೆ ಕಳುಹಿಸಿ ಈ ಕೊರತೆಯನ್ನು ತುಂಬುತ್ತವೆ. ಕೊನೆಗೆ ಅನೇಕ ಕಡೆ ಪರೀಕ್ಷೆಯೂ ಇದೆ. ಅಮೆರಿಕನ್ ಕೆನಲ್ ಕ್ಲಬ್ ಎಂಬ ಸಂಸ್ಥೆಯು 1989ರಲ್ಲಿ ಏರ್ಪಡಿಸಿದ ‘ಸನ್ನಡತೆಯ ನಾಯಿ’ ಪರೀಕ್ಷೆಯಲ್ಲಿ 10 ಅಂಶಗಳಿವೆ. ಅಪರಿಚಿತನು ಬಂದಾಗ ಹೆದರದೆ ಹಾರದೆ ಇರುವುದು, ಜನಸಂದಣಿಯಲ್ಲಿ ನಡೆಯುವುದು, ಕರೆದಾಗ ಬರುವುದು, ಬೇರೊಂದು ನಾಯಿಯನ್ನು ಕಂಡು ಸುಮ್ಮನಿರುವುದು ಮೊದಲಾದವು ಅವುಗಳಲ್ಲಿ ಸೇರಿವೆ. ಕಡೆಯದು ಪಾಲಕನು ಕಣ್ಮರೆಯಾದ ಮೇಲೆ 3 ನಿಮಿಷಗಳ ಕಾಲ ಬೇರೊಬ್ಬರ ಬಳಿ ಗೋಳಿಡದೆ ಇರುವುದು.

ಇದರ ಫಲಾಫಲಗಳ ವಿಷಯದಲ್ಲಿ ಎಚ್ಚರಿಕೆಯಿಂದ ಮಾತನಾಡಬೇಕು. ನಾಯಿಗೆ ಪಾಠ ಹೇಳಿದ ಕೈದಿಗಳು ಬಿಡುಗಡೆಯಾದ ಮೇಲೆ ಮತ್ತೆ ಅಪರಾಧ ಮಾಡುವುದು ವಿರಳವೆಂದು ಅನೇಕ ಸಂಸ್ಥೆಗಳು ಹೇಳಿಕೊಳ್ಳುತ್ತವೆ. ಅದು ನಿಜವಾಗಿರಬಹುದು. ಆದರೆ ನಡತೆಯುಳ್ಳವರನ್ನೇ ಆರಿಸಿಕೊಂಡಮೇಲೆ ಅವರ ನಡತೆ ಚೆನ್ನಾಗಿದೆಯೆಂದು ತೋರಿಸುವುದು, ಜಾಣ ಹುಡುಗರನ್ನು ಮಾತ್ರ ಪರೀಕ್ಷೆಗೆ ಕೂರಿಸಿದ ಉಪಾಧ್ಯಾಯನು ತನ್ನ ಬೋಧನೆಯನ್ನು ಹೊಗಳಿಕೊಂಡಂತೆ. ಸಮಾನವಾದ ಎರಡು ಗುಂಪುಗಳನ್ನು ಹೋಲಿಸಿ ಮಾಡಿದ ಅಧ್ಯಯನಗಳು ಕಡಿಮೆ. ಅಪರಾಧಕ್ಕೆ ತುತ್ತಾದವರ ಬಂಧುಗಳು, ತಮಗೆ ದೊರೆಯದ ಸಮಾಧಾನವು ಅಪರಾಧಿಗೆ ದೊರೆಯಬೇಕೆ ಎಂದು ಕೇಳಿದರೆ ಅದನ್ನು ತಳ್ಳಿಹಾಕುವ ಉತ್ತರವೂ ಸುಲಭವಲ್ಲ. ಅಲ್ಲದೆ ನಂಬಿಕೆಯು ಕೆಟ್ಟ ಪ್ರಸಂಗವೂ ನಡೆದಿದೆ. ಕ್ಯಾನ್ಸಾಸ್ ರಾಜ್ಯದ ಲ್ಯಾನ್ಸಿಂಗ್ ಸೆರೆಮನೆಯಿಂದ 2006ರ ಫೆಬ್ರವರಿಯಲ್ಲಿ ಕೊಲೆಯ ಅಪರಾಧಿಯೊಬ್ಬನು ನಾಯಿಯ ಗೂಡಿನೊಳಗೆ ಅಡಗಿ, ಸ್ವಯಂಸೇವೆಯವರ ವಾಹನದಲ್ಲಿಯೇ ಹೊರಬಿದ್ದನು. ಹನ್ನೆರಡು ದಿನಗಳ ತರುವಾಯ ಟೆನೆಸ್ಸಿಯಲ್ಲಿ ಸಿಕ್ಕಿಬಿದ್ದನು. ನಾಯಿಗಳ ಮಟ್ಟಿಗಾದರೋ ಲೆಕ್ಕವು ಸ್ಪಷ್ಟ. ಯಾರೂ ಕೊಂಡೊಯ್ಯದಿದ್ದ ನಾಯಿಯನ್ನು ಒಬ್ಬರು ಕೊಂಡೊಯ್ದರು ಎಂಬುದಕ್ಕೆ ಬೇರೆ ಪ್ರಮಾಣ ಬೇಕಾಗಿಲ್ಲ.

ಉಳಿದುದು ಅಗಲಿಕೆಯ ಮಾತು. ಆತಕೂರಿನ ಶಾಸನದಲ್ಲಿ ಮಣಲೇರನು ಪ್ರಭುವಿನ ಮೆಚ್ಚಿನ ಕೊಡುಗೆಯಾಗಿ ಪಡೆದ ಕಾಳಿಯೆಂಬ ನಾಯಿಯು ಹಂದಿಯೊಡನೆ ಹೋರಾಡಿ ಮಡಿಯಲು, ಅದಕ್ಕಾಗಿ ಕಲ್ಲು ನಿಲ್ಲಿಸಿ ದತ್ತಿ ಬಿಟ್ಟ ವೃತ್ತಾಂತವು ವಾಚಕರಿಗೆ ತಿಳಿದದ್ದೇ. ಅಲ್ಲಿ ನಾಯಿಯು ಒಡೆಯನದು. ಮೃತ್ಯುವೇ ಅವರನ್ನು ಅಗಲಿಸಿತು. ಸೆರೆಮನೆಯ ಪಾಲಕನದು ಬೇರೆಯೇ ಅವಸ್ಥೆ. ಅವನು ಒಡೆಯನಲ್ಲ. ತನ್ನನ್ನು ಬಿಟ್ಟು ಇನ್ನೊಬ್ಬರಲ್ಲಿ ವಿಶ್ವಾಸವಿಡುವಂತೆ ನಾಯಿಗೆ ಅವನೇ ಕಲಿಸಬೇಕು. ಪಾಠವು ಎಷ್ಟು ಚೆನ್ನಾಗಿ ನಡೆದರೆ ಅಷ್ಟು ಬೇಗ ಅದನ್ನು ಕಳೆದುಕೊಳ್ಳಬೇಕು. ಪರೀಕ್ಷೆಯ ಆ 3 ನಿಮಿಷಗಳಲ್ಲಿ ನಾಯಿಯು ಅವನಿಗಾಗಿ ಗೋಳಿಟ್ಟರೆ ಅದು ಪ್ರೀತಿಯ ಗುರುತಾಗಬಹುದು, ಆದರೆ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುವುದು. ಕೆಲವು ಕಡೆ ಪಾಲಕನು ಹೊಸ ಯಜಮಾನರಿಗೆಂದು ದಿನಚರಿಯಂತೆ ಒಂದು ಬರಹವನ್ನು ಸಿದ್ಧಪಡಿಸುವ ರೂಢಿಯಿದೆ. ನಾಯಿಗೆ ಯಾವ ತಿಂಡಿ ಇಷ್ಟ, ಗುಡುಗಿಗೆ ಹೆದರುವುದೋ ಇಲ್ಲವೋ, ಯಾವ ಮಾತಿಗೆ ಕುಳಿತುಕೊಳ್ಳುವುದು, ಕಿವಿಯ ಹಿಂದೆ ಎಲ್ಲಿ ತುರಿಸಿದರೆ ಸಮಾಧಾನ ಹೊಂದುವುದು ಎಂಬಂತಹ ವಿವರಗಳನ್ನು ಅದರಲ್ಲಿ ಬರೆಯುವರು. ನಾಯಿಯನ್ನೂ ಬರಹವನ್ನೂ ಆಶ್ರಯಶಾಲೆಯವರು ಬಾಗಿಲಿನಿಂದ ಆಚೆಗೆ ಒಯ್ಯುವರು. ಮುಂದಿನ ತಂಡದ ನಾಯಿ ಬರುವವರೆಗೆ ಕೋಣೆಯಲ್ಲಿ ಗೂಡು ಬರಿದಾಗಿರುವುದು.