ಕೊಳಚೆ ನೀರು ಹೊಲಕ್ಕೆ: ಸೀಚೇವಾಲ್ ಗ್ರಾಮದ ಪಾಠ

ನದಿಯ ದಡದಲ್ಲಿ ಊರು ಕಟ್ಟಿ ಬದುಕುವುದು ಮಾನವನ ಪುರಾತನ ರೂಢಿ. ನದಿಯು ಕುಡಿಯಲು ನೀರನ್ನೂ ಹೊಲಕ್ಕೆ ತೇವವನ್ನೂ ಕೊಡುತ್ತದೆ. ಪ್ರತಿಯಾಗಿ ಊರು ಅದಕ್ಕೆ ಕೊಡುವುದು ಬಹುಮಟ್ಟಿಗೆ ತನ್ನ ಕೊಳಚೆಯನ್ನೇ. ಬಚ್ಚಲ ನೀರು, ಪಾಯಿಖಾನೆಯ ನೀರು, ಕೊಟ್ಟಿಗೆ ತೊಳೆದ ನೀರು ಎಲ್ಲವೂ ಚರಂಡಿ ಹಿಡಿದು ಹೊಳೆಯನ್ನು ಸೇರುತ್ತವೆ. ಕೆಳಗಣ ಊರಿನವರು ಆ ಹೊಳೆಯನ್ನೇ ನೆಚ್ಚಿರುತ್ತಾರೆ. ಕಾಲರಾ, ವಿಷಮಶೀತ ಜ್ವರ, ಆಮಶಂಕೆ, ಒಂದು ಬಗೆಯ ಕಾಮಾಲೆ, ಜಂತುಹುಳುವಿನ ಬಾಧೆ ಇವೆಲ್ಲ ಒಬ್ಬರ ಮಲದಿಂದ ಇನ್ನೊಬ್ಬರ ಬಾಯಿಗೆ ಸಾಗುವ ರೋಗಗಳು. ಹೀಗೆ ಚರಂಡಿಯ ಪ್ರಶ್ನೆಯೆಂದರೆ ಆರೋಗ್ಯದ ಪ್ರಶ್ನೆಯೇ ಆಗಿದೆ.

ಹೊಳೆಯ ಅವಸ್ಥೆ

ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯಲ್ಲಿ ಹುಟ್ಟುವ ಕಾಲಿ ಬೇಯಿನ್ ಸುಮಾರು 160 ಕಿಲೋಮೀಟರು ಹರಿಯುವ ಸಣ್ಣ ನದಿ. ಇದರ ದಡದ ಸುಲ್ತಾನ್‌ಪುರ ಲೋಧಿಯಲ್ಲಿ ಗುರು ನಾನಕರು ವಾಸವಾಗಿದ್ದರು. ಇದೇ ನೀರಿನಲ್ಲಿ ಮಿಂದಾಗ ಅವರಿಗೆ ಜ್ಞಾನೋದಯವಾಯಿತೆಂದು ಸಿಖ್ಖರ ನಂಬಿಕೆ. ಬೀದರಿನ ನಾನಕ್ ಝರಾವನ್ನು ಕಂಡ ಕನ್ನಡಿಗರಿಗೆ ಈ ಪರಂಪರೆಯಲ್ಲಿ ನೀರಿಗಿರುವ ಗೌರವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ವೇಳೆಗೆ ಈ ಪವಿತ್ರ ನದಿಯು ಹಲವು ಪಟ್ಟಣ, ಹಳ್ಳಿಗಳ ಕೊಳಚೆಯನ್ನು ಹೊತ್ತು, ಅಂತರಗಂಗೆಯ ಕಳೆಯಿಂದ ಉಸಿರುಗಟ್ಟಿತ್ತು.

2000ದಲ್ಲಿ ಸಂತ ಬಲಬೀರ್ ಸಿಂಗ್ ಸೀಚೇವಾಲ್ ಅವರು ಭಕ್ತರೊಡನೆ ನದಿಗಿಳಿದು ಕೈಯಾರೆ ಕಳೆ ಕೀಳತೊಡಗಿದರು. ಕಳೆ ತೆಗೆದರೇನು? ಕೊಳಚೆ ನಿಲ್ಲದಿದ್ದರೆ ಕಳೆ ಮತ್ತೆ ಬೆಳೆಯುತ್ತದೆ. ಆದುದರಿಂದ ಸೀಚೇವಾಲ್ ಗ್ರಾಮದಲ್ಲಿ ನೆಲದೊಳಗೆ ಕೊಳವೆಗಳನ್ನು ಹೂಳಿ, ಮನೆಮನೆಯ ನೀರನ್ನು ಹೊಳೆಗೆ ಹೋಗದಂತೆ ತಡೆದು, ಊರ ಹೊರಗಿನ ಕೊಳಕ್ಕೆ ತಿರುಗಿಸಲಾಯಿತು.

ಶುದ್ಧಿಯ ಕ್ರಮ

ಕೊಳಚೆ ನೀರು ಮೊದಲು ಬಾವಿಯಂತಹ ತೊಟ್ಟಿಗಳನ್ನು ಹಾದು ಬರುತ್ತದೆ. ಅಲ್ಲಿ ಮರಳು, ರೊಚ್ಚು ತಳಕ್ಕಿಳಿಯುತ್ತವೆ. ಎಣ್ಣೆ ಜಿಡ್ಡು ಮೇಲೆ ತೇಲುತ್ತದೆ. ಬಳಿಕ ನೀರು ವಿಶಾಲವಾದ ಕೊಳದಲ್ಲಿ ನಿಲ್ಲುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಕೊಳೆಯನ್ನು ತಿಂದು ಇಂಗಾಲಾಮ್ಲವನ್ನು ಬಿಡುತ್ತವೆ. ಪಾಚಿಯು ಅದನ್ನು ಹೀರಿ, ಬಿಸಿಲಿನ ನೆರವಿನಿಂದ ಬ್ಯಾಕ್ಟೀರಿಯಾಗಳಿಗೆ ಬೇಕಾದ ಆಮ್ಲಜನಕವನ್ನು ಒದಗಿಸುತ್ತದೆ. ನೀರು ಸಾಕಷ್ಟು ದಿನ ನಿಂತರೆ ಜಂತುಗಳ ಮೊಟ್ಟೆಗಳು ತಳ ಸೇರುತ್ತವೆ, ಬಿಸಿಲಿಗೆ ರೋಗಾಣುಗಳು ಬಹುವಾಗಿ ಸಾಯುತ್ತವೆ. ಅನಂತರ ಪಂಪಿನ ಮೂಲಕ ಆ ನೀರು ಹೊಲಗಳಿಗೆ ಹೋಗುತ್ತದೆ. ಅದರಲ್ಲಿ ಉಳಿದ ಸಾರಜನಕ, ರಂಜಕಗಳು ಪೈರಿಗೆ ಗೊಬ್ಬರ. ಅಂತರ್ಜಲ ಕುಸಿಯುತ್ತಿರುವ ಪಂಜಾಬಿಗೆ ಇದು ಸಣ್ಣ ಲಾಭವಲ್ಲ.

ಎಚ್ಚರಿಕೆಯ ಮಾತು

ಈ ವಿಧಾನಕ್ಕೂ ಮಿತಿಗಳುಂಟು. ಕಾರ್ಖಾನೆಯ ವಿಷವನ್ನು ಕೊಳವು ಕಳೆಯಲಾರದು. ತಳದ ಹೂಳನ್ನು ಕಾಲಕಾಲಕ್ಕೆ ತೆಗೆಯಬೇಕು. ಅಂಚಿನ ಕಳೆಯನ್ನು ಸವರದಿದ್ದರೆ ಸೊಳ್ಳೆ ಹೆಚ್ಚುತ್ತದೆ. ಹಸುರಾಗಿದ್ದ ನೀರು ಕಪ್ಪಾಗಿ ನಾರತೊಡಗಿದರೆ ಕೊಳ ಸೋತಿತೆಂದೇ ತಿಳಿಯಬೇಕು. ಹಸಿಯಾಗಿ ತಿನ್ನುವ ಸೊಪ್ಪು, ಗೆಡ್ಡೆಗಳಿಗೆ ಈ ನೀರನ್ನು ಹಾಯಿಸುವುದು ಕ್ಷೇಮವಲ್ಲ. ಅದರಲ್ಲಿ ದುಡಿಯುವವರು ಪಾದರಕ್ಷೆ ಧರಿಸಬೇಕು, ಊಟಕ್ಕೆ ಮುನ್ನ ಸೋಪಿನಿಂದ ಕೈ ತೊಳೆಯಬೇಕು. ಒಂದು ಹಳ್ಳಿ ಶುದ್ಧವಾದ ಮಾತ್ರಕ್ಕೆ ನದಿ ಶುದ್ಧವಾಗುವುದೂ ಇಲ್ಲ. ಮೇಲಣ ಪಟ್ಟಣಗಳ ಕೊಳಚೆ ನುಗ್ಗಿ, ಕಾಲಿ ಬೇಯಿನ್‌ನಲ್ಲಿ ಮುಂದೆಯೂ ಮೀನುಗಳು ಸತ್ತು ತೇಲಿದ್ದುಂಟು.

ಆದರೂ ಉದಾಹರಣೆ ವ್ಯರ್ಥವಾಗಲಿಲ್ಲ. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಈ ನದಿಯ ಕಾರ್ಯವನ್ನು ನೋಡಲು ಬಂದರು. 2017ರಲ್ಲಿ ಸೀಚೇವಾಲ್ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಕಾವೇರಿ, ಕಬಿನಿ, ತುಂಗಭದ್ರೆಯರ ದಡದ ಊರುಗಳನ್ನು ಬಿಟ್ಟು ಮಹಾನಗರ ಸೇರಿದ ಕನ್ನಡಿಗರು ವರ್ಷಕ್ಕೊಮ್ಮೆ ಊರಿಗೆ ಹೋಗುತ್ತಾರೆ. ಊರ ದೇವರ ತೇರಿಗೆ ತಪ್ಪದೆ ಚಂದಾ ಕಳುಹಿಸುತ್ತಾರೆ. ಮುಂದಿನ ಬಾರಿ ಹೋದಾಗ, ಊರ ಚರಂಡಿ ಎಲ್ಲಿಗೆ ಹೋಗಿ ಸೇರುತ್ತದೆಂದು ಪಂಚಾಯಿತಿಯವರನ್ನು ಒಂದು ಮಾತು ಕೇಳಿದರೆ, ಅದಕ್ಕೂ ಒಂದಿಷ್ಟು ಚಂದಾ ಕೊಟ್ಟರೆ, ಅದೂ ದೇವರ ಸೇವೆಯೇ. ಅಲ್ಲಿಯವರೆಗೆ ಊರಿನಲ್ಲಿರುವ ಹಿರಿಯರೂ ಮಕ್ಕಳೂ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ ಕುಡಿಯುವುದೇ ಲೇಸು.