ಗಾಜಿನ ತಂತುವೂ ಅದರ ಕಿರುಸಾಧನವೂ

ಶುದ್ಧವಾದ ಗಾಜಿನ ತಂತುವಿನಲ್ಲಿ ಬೆಳಕನ್ನು ಹಾಯಿಸಿ ವಾರ್ತೆಯನ್ನು ಬಹುದೂರಕ್ಕೆ ಮುಟ್ಟಿಸಬಹುದೆಂದು 1966ರಲ್ಲಿ ಚಾರ್ಲ್ಸ್ ಕಾವ್ ಎಂಬ ವಿಜ್ಞಾನಿಯು ಪ್ರತಿಪಾದಿಸಿದನು. 2009ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕವು ಲಭಿಸಿತು. ಗ್ರಾಮ ಪಂಚಾಯತಿಗಳನ್ನು ಇಂತಹ ತಂತುವಿನಿಂದ ಜೋಡಿಸುವ ಯೋಜನೆಗೆ ಕೇಂದ್ರ ಸರಕಾರವು 2011ರಲ್ಲಿ ಮಂಜೂರಾತಿ ನೀಡಿತು; ಅದೇ ಈಗಿನ ಭಾರತ್‌ನೆಟ್. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯಲ್ಲಿ ಗುಡ್ಡದ ಮರೆಗೆ ಮೊಬೈಲಿನ ಸಂಕೇತ ಸಿಕ್ಕದ ಎಡೆಗಳು ಇನ್ನೂ ಉಂಟಾದುದರಿಂದ, ಕಛೇರಿಯ ದಾಖಲೆಗೂ ವಿದ್ಯಾರ್ಥಿಯ ಅರ್ಜಿಗೂ ಈ ತಂತುವಿನ ಆಸರೆ ದೊಡ್ಡದು.

ತಂತುವು ಬಂದು ಸೇರುವ ಯಂತ್ರಕ್ಕೆ ಸ್ವಿಚ್ ಎಂದು ಹೆಸರು. ಗೋಡೆಯ ಮೇಲಿನ ದೀಪದ ಸ್ವಿಚ್ಚಿಗೂ ಇದಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. ಅದರ ಕಿಂಡಿಯಲ್ಲಿ ಕೂರುವ, ಬೆರಳಿನಷ್ಟು ಉದ್ದದ ಲೋಹದ ಕಿರುಸಾಧನವೇ ಟ್ರಾನ್ಸೀವರ್ ಮಾಡ್ಯೂಲ್. ವಿದ್ಯುತ್ತನ್ನು ಬೆಳಕಾಗಿಯೂ ಬೆಳಕನ್ನು ಮರಳಿ ವಿದ್ಯುತ್ತಾಗಿಯೂ ಮಾರ್ಪಡಿಸುವುದು ಇದರ ಕಾರ್ಯ.

ಮೊದಲನೆಯ ಎಚ್ಚರಿಕೆ ಕಣ್ಣಿನದು. ದೂರದ ಜೋಡಣೆಗಳಲ್ಲಿ ಬಳಸುವ ಬೆಳಕು ಸಾಮಾನ್ಯವಾಗಿ 1310 ಅಥವಾ 1550 ನ್ಯಾನೋಮೀಟರ್ ತರಂಗದ್ದು. ಮನುಷ್ಯನ ಕಣ್ಣಿಗೆ ಅಗೋಚರ. ಕಾಣದ ಬೆಳಕಿಗೆ ರೆಪ್ಪೆಯು ತಾನಾಗಿ ಮುಚ್ಚುವುದಿಲ್ಲ. ಆದಕಾರಣ ತಂತುವಿನ ತುದಿಯನ್ನಾಗಲಿ ಮಾಡ್ಯೂಲಿನ ಬಾಯಿಯನ್ನಾಗಲಿ ಕಣ್ಣಿಗೆ ಹಿಡಿದು ನೋಡಬಾರದು. ಭೂತಗನ್ನಡಿಯಿಂದಂತೂ ಸರ್ವಥಾ ಕೂಡದು. ಪ್ರಯೋಗಶಾಲೆಯಲ್ಲಿ ಮಕ್ಕಳ ಕುತೂಹಲವು ಮೊದಲು ಹೋಗುವುದೇ ಅಲ್ಲಿಗೆ.

ಎರಡನೆಯ ಶತ್ರು ಧೂಳು. ಈ ಬಗೆಯ ತಂತುವಿನಲ್ಲಿ ಬೆಳಕು ಸಾಗುವ ತಿರುಳಿನ ಅಗಲ ಮಿಲಿಮೀಟರಿನ ಸಾವಿರದಲ್ಲಿ 9 ಭಾಗದಷ್ಟು ಮಾತ್ರ. ಒಂದು ಕಣವೇ ಅದಕ್ಕೆ ಬಂಡೆ. ಬೇಸಗೆಯ ಕೆಮ್ಮಣ್ಣಿನ ಪುಡಿ, ಒಲೆಯ ಹೊಗೆ, ಮಳೆಗಾಲದ ಬೂಷ್ಟು, ಈ ಮೂರೂ ಮಲೆನಾಡಿನಲ್ಲಿ ಧಾರಾಳ. ಬಾಯಿಂದ ಊದಿದರೆ ಉಸಿರಿನ ತೇವ ಅಂಟುತ್ತದೆ. ಪಂಚೆಯ ಸೆರಗಿನಿಂದ ಒರಸಿದರೆ ನೂಲಿನ ಎಳೆ ಉಳಿಯುತ್ತದೆ. ಇದಕ್ಕೆಂದೇ ಮಾಡಿದ ಒಣ ಒರಸುವ ಸಾಧನವೇ ಸರಿ. ಬಳಸದಿರುವಾಗ ಮುಚ್ಚಳ ಹಾಕಿರಬೇಕು.

ತೆಗೆಯುವಾಗ ಮೊದಲು ತಂತು, ಅನಂತರ ಮಾಡ್ಯೂಲ್. ಯಾವ ಕಿಂಡಿಯದೆಂದು ಬರೆದಿಟ್ಟುಕೊಂಡು, ಸಂಪರ್ಕ ಕಡಿಯುವುದೆಂದು ಬಳಸುವವರಿಗೆ ತಿಳಿಸಿ, ಮಣಿಕಟ್ಟಿಗೆ ಭೂಸಂಪರ್ಕದ ಪಟ್ಟಿಯನ್ನು ಕಟ್ಟಿಕೊಳ್ಳಬೇಕು. ಚಳಿಗಾಲದ ಒಣಹವೆಯಲ್ಲಿ ಮೈಯಲ್ಲಿ ಸಂಗ್ರಹವಾಗುವ ಸ್ಥಿರವಿದ್ಯುತ್ತು ನಮಗೆ ಅರಿವಾಗದಷ್ಟಿದ್ದರೂ ಒಳಗಿನ ಸೂಕ್ಷ್ಮಭಾಗಗಳನ್ನು ಕೆಡಿಸಬಲ್ಲದು. ತಂತುವಿನ ಕೊನೆಯ ಕೊಕ್ಕೆಯನ್ನು ಒತ್ತಿ ಬಿಡಿಸಬೇಕೇ ಹೊರತು ತಂತುವನ್ನೇ ಜಗ್ಗಬಾರದು. ಬಳಿಕ ಮಾಡ್ಯೂಲಿನ ತಂತಿಯ ಹಿಡಿಯನ್ನು ಮಡಚಿ ನೇರವಾಗಿ ಎಳೆದರೆ ಅದು ಜಾರಿ ಬರುತ್ತದೆ. ಬಾರದಿದ್ದರೆ ಹಿಡಿಯನ್ನು ಮತ್ತೆ ಪರೀಕ್ಷಿಸಬೇಕು. ಸ್ಕ್ರೂಡ್ರೈವರಿನಿಂದ ಮೀಟುವುದು ಕಿಂಡಿಯನ್ನೇ ಕಳೆದುಕೊಳ್ಳುವ ದಾರಿ. ಆಗತಾನೆ ತೆಗೆದುದು ಬಿಸಿಯಾಗಿರುವುದೂ ಉಂಟು.

ಇಡುವಾಗ ಸ್ವಿಚ್ಚನ್ನು ಸಾಮಾನ್ಯವಾಗಿ ಆರಿಸಬೇಕಾಗಿಲ್ಲ. ಕೆಲವು ಸ್ವಿಚ್ಚುಗಳ ಕೆಳಸಾಲಿನಲ್ಲಿ ಮಾಡ್ಯೂಲು ತಲೆಕೆಳಗಾಗಿ ಕೂರುವುದರಿಂದ ಬಲಪ್ರಯೋಗ ಸಲ್ಲದು. ಸರಿಯಾಗಿ ಕೂತರೆ ಕ್ಲಿಕ್ಕೆಂಬ ಸದ್ದಾಗುತ್ತದೆ. ಎರಡೂ ಕೊನೆಗಳ ಮಾಡ್ಯೂಲುಗಳು ಪರಸ್ಪರ ಹೊಂದುವ ತರಂಗದವಾಗಿರಬೇಕು. 80 ಕಿಲೋಮೀಟರಿಗಾಗಿ ಮಾಡಿದುದನ್ನು ಪಕ್ಕದ ಕಟ್ಟಡಕ್ಕೆ ಹಾಗೆಯೇ ಜೋಡಿಸಿದರೆ ಬೆಳಕಿನ ಅತಿಶಯದಿಂದ ಗ್ರಾಹಕಭಾಗವು ಕೆಟ್ಟುಹೋಗಬಹುದು. ಎರಡೆಳೆಯ ಜೋಡಣೆಯಲ್ಲಿ ಸೂಚಕದೀಪ ಹೊತ್ತದಿದ್ದರೆ ಕಳುಹಿಸುವ ಎಳೆಯೂ ಪಡೆಯುವ ಎಳೆಯೂ ಅದಲುಬದಲಾಗಿವೆಯೇ ಎಂದು ಮೊದಲು ನೋಡತಕ್ಕದ್ದು.